ತೆರಣಿಯ ಹುಳುವೂ ಹಿಪ್ಪುನೇರಳೆಯ ಎಲೆಯೂ

ಶಾಲೆಯ ಸ್ಮರಣ ಸಂಚಿಕೆಗೆ ಕನ್ನಡ ಪಂಡಿತನಾದವನು ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ಬರೆಯುವುದು ವಾಡಿಕೆ. ಸಂಪಾದಕ ಮಂಡಲಿಯವರು ನನ್ನಿಂದ ನಿರೀಕ್ಷಿಸಿದ್ದೂ ಅದನ್ನೇ. ಆದರೆ ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ನಡೆದ ಸಣ್ಣದೊಂದು ಪ್ರಸಂಗವು ನನ್ನ ಲೇಖನಿಯನ್ನು ಬೇರೆಡೆಗೆ ತಿರುಗಿಸಿತು. ಅಂದು ಅಕ್ಕಮಹಾದೇವಿಯವರ ವಚನವೊಂದನ್ನು ಬೋಧಿಸುತ್ತ, ತೆರಣಿಯ ಹುಳು, ಎಂದರೆ ರೇಷ್ಮೆಯ ಹುಳು, ತಾನು ಕಟ್ಟಿದ ಮನೆಯಲ್ಲಿ ತಾನೇ ಸಿಲುಕುವ ದೃಷ್ಟಾಂತವನ್ನು ವಿವರಿಸುತ್ತಿದ್ದೆ. ಕಡೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಗುರುಗಳೇ, ಹಿಪ್ಪುನೇರಳೆ ಸಿಕ್ಕದಿದ್ದರೆ ಅದು ಬೇರೆ ಸೊಪ್ಪು ತಿನ್ನಬಾರದೆ?" ಎಂದು ಕೇಳಿದಳು. ತರಗತಿ ನಕ್ಕಿತು. ನಾನು ಮಾತ್ರ ನಗಲಾರದೆ ಹೋದೆ.

ನಾನು ಹುಟ್ಟಿ ಬೆಳೆದದ್ದು ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ. ನಡುಮನೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ನಾವು ಜಗುಲಿಯಲ್ಲಿ ಮಲಗುತ್ತಿದ್ದೆವು. ರಾತ್ರಿಯ ನಿಶ್ಶಬ್ದದಲ್ಲಿ ದೊಡ್ಡ ಹುಳುಗಳು ಎಲೆ ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತಿತ್ತು. ಹುಳು ನಾಲ್ಕು ಸಲ ಪೊರೆ ಕಳಚುವುದನ್ನು ಒಕ್ಕಲುಮಕ್ಕಳು ಜ್ವರ ಎನ್ನುವರು. ಗೂಡು ಕಟ್ಟಲು ಅಣಿಯಾದ ಹುಳುವನ್ನು ಹಣ್ಣಾಯಿತೆನ್ನುವರು. ಅದನ್ನು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆಯೆಂಬ ಹೆಸರು. ನಿಘಂಟುಕಾರನು ತಲೆದೂಗಬೇಕಾದ ಮಾತುಗಳಿವು. ಇವಕ್ಕಿಂತ ಒಪ್ಪುವ ಪದಗಳು ಯಾವ ಪರಿಭಾಷಾ ಕೋಶದಲ್ಲಿಯೂ ನನಗೆ ದೊರೆತಿಲ್ಲ.

ಮೊಟ್ಟೆಯೊಡೆದು ಬಂದಾಗ ಕರಿಯ ಕೂದಲೆಳೆಯಂತಿರುವ ಈ ಜೀವವು ಸುಮಾರು 25 ದಿನಗಳಲ್ಲಿ ತನ್ನ ತೂಕದ 10,000 ಪಟ್ಟು ಬೆಳೆಯುತ್ತದೆ. ಜೀವಮಾನದಲ್ಲಿ ತಿನ್ನುವ ಎಲೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ತಿನ್ನುವುದು ಕಡೆಯ, ಐದನೆಯ ಹಂತದಲ್ಲಿ. ಆದಕಾರಣ ಮೊದಲ ಎರಡು ಹಂತಗಳ, ಚಾಕಿಯೆಂದು ಕರೆಯಲಾಗುವ ಆ ಎಳೆಯ ದಿನಗಳ, ಆಹಾರವು ಲೆಕ್ಕಕ್ಕೆ ಬಾರದ್ದೆಂದು ತೋರಬಹುದು. ನನಗೂ ಹಾಗೆಯೇ ತೋರಿತ್ತು. 1982ರಲ್ಲಿ ನಾನು ಹನ್ನೆರಡು ವರ್ಷದ ಬಾಲಕ. ತಂದೆ ಊರಿನಲ್ಲಿರಲಿಲ್ಲ, ತಾಯಿ ಜ್ವರದಿಂದ ಮಲಗಿದ್ದರು (ಇದು ಮನುಷ್ಯರ ಜ್ವರ). ಎರಡು ದಿನ ಚಾಕಿ ಹುಳುಗಳಿಗೆ ಎಲೆ ಹಾಕುವ ಹೊಣೆ ನನ್ನ ಪಾಲಿಗೆ ಬಂದಿತು. ತೋಟದಲ್ಲಿ ಗಿಡಗಿಡದ ತುದಿಯಿಂದ ಎಳೆಯ ಎಲೆಯನ್ನು ಆರಿಸಿ ತಂದು, ನುಣ್ಣಗೆ ಹೆಚ್ಚಿ, ತೆಳ್ಳಗೆ ಉದುರಿಸಬೇಕು. ನಾನಾದರೋ ತೋಟದಂಚಿನಲ್ಲಿಯೇ ನಿಂತು, ಕೈಗೆಟುಕಿದ ಬುಡದ ಬಲಿತ ಎಲೆಯನ್ನು ತರಿದು ತಂದು ಹಾಕಿ ಗೋಲಿಯಾಡಲು ಹೋದೆ.

ಅನಂತರದ ವಾರದಲ್ಲಿ ತಟ್ಟೆಗಳು ಏರುಪೇರಾದವು. ಕೆಲವು ಹುಳುಗಳು ಜ್ವರಕ್ಕೆ ಕೂತಿದ್ದರೆ ಕೆಲವು ಇನ್ನೂ ಮೇಯುತ್ತಿದ್ದವು. ಎಲೆ ಹಾಕಿದರೆ ಕೂತವಕ್ಕೆ ಕೇಡು, ಹಾಕದಿದ್ದರೆ ಮೇಯುವವಕ್ಕೆ ಉಪವಾಸ. ಅರ್ಧ ಪೊರೆ ಕಳಚಿ ಅಲ್ಲಿಯೇ ಸತ್ತವು ಎಷ್ಟೋ. ಉಳಿದವೂ ಸಣಕಲಾಗಿಯೇ ಹಣ್ಣಾಗಿ, ಗೂಡುಗಳು ಕಡಲೆಕಾಯಿಯಷ್ಟಾದವು. ಬೆಳೆಯಲ್ಲಿ ಅರ್ಧವೂ ಕೈಗೆ ಹತ್ತಲಿಲ್ಲ.

ಹೀಗಾದುದಕ್ಕೆ ಮನೆಯವರು ಕಾರಣವನ್ನು ಹುಡುಕದಿರಲಿಲ್ಲ. ಗಂಡನನ್ನು ಕಳೆದುಕೊಂಡು ಆ ವರ್ಷವೇ ತವರಿಗೆ ಬಂದಿದ್ದ ನನ್ನ ಸೋದರತ್ತೆಯ ಕಾಲ್ಗುಣವೆಂದು ನಿಶ್ಚಯವಾಯಿತು. ಮುಂದೆ ಆಕೆ ಹುಳುವಿನ ಕೋಣೆಯ ಹೊಸ್ತಿಲನ್ನು ದಾಟುವಂತಿರಲಿಲ್ಲ. ಮನೆಯಲ್ಲಿ ಹುಳುವಿನ ಕೆಲಸವನ್ನು ಬಲ್ಲವರಲ್ಲಿ ಆಕೆಯೇ ಮೊದಲಿಗಳು. ನಾನು ಎಲ್ಲವನ್ನೂ ಬಲ್ಲವನಾಗಿ ಸುಮ್ಮನಿದ್ದೆ.

ಹುಡುಗಿಗೆ ಉತ್ತರ ಹೇಳಬೇಕಾಗಿ ಬಂದಾಗ, ರೇಷ್ಮೆ ಇಲಾಖೆಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಬಳಿ ಕುಳಿತು ಕೇಳಿದೆ. ರೇಷ್ಮೆ ಹುಳು ನೀರು ಕುಡಿಯುವುದಿಲ್ಲ. ಅದಕ್ಕೆ ಬೇಕಾದ ನೀರೆಲ್ಲ ಎಲೆಯಿಂದಲೇ ಬರಬೇಕು. ಎಳೆಯ ಎಲೆಯಲ್ಲಿ ನೂರಕ್ಕೆ 80ರ ಸಮೀಪದಷ್ಟು ನೀರಿದ್ದು, ಪೋಷಕಾಂಶವೂ ಹೆಚ್ಚು. ಬಲಿತಂತೆ ಇವೆರಡೂ ಇಳಿದು ನಾರು ಏರುತ್ತದೆ. ಚಾಕಿ ಹುಳುವಿನ ಬಾಯಿಗೆ ಆ ಎಲೆ ಒಗ್ಗದು, ತಟ್ಟೆಯಲ್ಲಿ ಬೇಗನೆ ಒಣಗಲೂ ಒಣಗುವುದು. ಆಗ ಕುಂದಿದ ಬೆಳವಣಿಗೆಯನ್ನು ಮುಂದೆ ಎಷ್ಟು ಒಳ್ಳೆಯ ಎಲೆ ಹಾಕಿದರೂ ತುಂಬಿಕೊಡಲಾಗದೆಂದು ಅವರು ಹೇಳಿದಾಗ ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ.

ಇನ್ನೊಂದು ಸಂಗತಿಯು ನನ್ನನ್ನು ಬೆರಗುಗೊಳಿಸಿತು. ಹಿಪ್ಪುನೇರಳೆಯ ಎಲೆಯನ್ನು ಮುರಿದರೆ ಹಾಲು ಒಸರುವುದನ್ನು ನೋಡಿರುತ್ತೀರಿ. ಆ ಹಾಲು ವಿಷವೆಂದು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟರು. ಅದರಲ್ಲಿ ಸಕ್ಕರೆಯ ರೂಪವನ್ನೇ ಅನುಕರಿಸುವ ಕ್ಷಾರವಸ್ತುಗಳಿದ್ದು, ಅವು ಕೀಟದ ಹೊಟ್ಟೆಯಲ್ಲಿ ಸಕ್ಕರೆಯನ್ನು ಜೀರ್ಣಿಸುವ ಕಿಣ್ವಗಳನ್ನು ಕಟ್ಟಿಹಾಕುತ್ತವೆ. ಹರಳೆಲೆಯನ್ನು ಮೇಯುವ ಅಸ್ಸಾಮಿನ ಏರಿ ಹುಳುವಿಗೆ ಈ ಎಲೆಯನ್ನು ಕೊಟ್ಟರೆ ಅದು ಬೆಳೆಯಲಾರದೆ ಸಾಯುವುದು. ಹಾಲನ್ನು ತೆಗೆದುಹಾಕಿ ಕೊಟ್ಟರೆ ಆ ಕೇಡಿಲ್ಲ. ನಮ್ಮ ರೇಷ್ಮೆ ಹುಳುವಿನಲ್ಲಾದರೋ ಈ ವಿಷಕ್ಕೆ ಜಗ್ಗದ ಕಿಣ್ವವಿದೆ. ಒಂದಕ್ಕೆ ಪ್ರಾಣವಾದ ಎಲೆ ಮತ್ತೊಂದಕ್ಕೆ ಮೃತ್ಯು.

ಹಾಗಾದರೆ ಅದು ಬೇರೆ ಎಲೆಯನ್ನೇಕೆ ಮುಟ್ಟದು? ಅದರ ನಾಲಗೆಯೇ ತಡೆಯುತ್ತದೆ. ಕಹಿಯನ್ನರಿಯುವ ಒಂದು ಗ್ರಾಹಕದ ವಂಶವಾಹಿಯನ್ನು ಕೆಡಿಸಿದಾಗ ಹುಳುಗಳು ಹಣ್ಣು, ಕಾಳುಗಳನ್ನು ಕೂಡ ತಿಂದುವೆಂದು ಚೀನಾದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ತಿನ್ನುವುದು ಬೇರೆ, ತಿಂದು ಬಾಳುವುದು ಬೇರೆ ಎಂಬುದನ್ನು ಸೇರಿಸಿ ಹುಡುಗಿಗೆ ಇಷ್ಟನ್ನೂ ಹೇಳಿದೆ. ಆಕೆ ತೃಪ್ತಳಾದಳು. ಬಲಿತ ಎಲೆಯ ಕಥೆಯನ್ನು ಮಾತ್ರ ತರಗತಿಯಲ್ಲಿ ಹೇಳಲಾಗಲಿಲ್ಲ.

ಆ ಭಾನುವಾರ ಊರಿಗೆ ಹೋದೆ. ಸೋದರತ್ತೆಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಹತ್ತಿರ ಕುಳಿತು, ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಬಚ್ಚಿಟ್ಟುದನ್ನು ಹೇಳಿದೆ. ಆಕೆ ಬಹಳ ಹೊತ್ತು ಎಲೆಯಡಿಕೆಯ ತಟ್ಟೆಯನ್ನು ಕೈಯಿಂದ ಸವರುತ್ತಿದ್ದರು.

"ಹೆಚ್ಚಿಯಾದರೂ ಹಾಕಿದ್ದೆಯೇನಪ್ಪ?" ಎಂದು ಕೇಳಿದರು.

"ಹೆಚ್ಚಿದ್ದೆ. ದಪ್ಪಗೆ," ಎಂದೆ.

"ದಪ್ಪಗೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಊಟಕ್ಕೇಳು ಎಂದರು.