ನೋಡಿಯೂ ನೋಡದಂತೆ

ಮಕ್ಕಳು ಹುಟ್ಟಿದ ಮೇಲೆ ಮನೆಯಲ್ಲಿ ಮೊದಲು ಮೂಲೆ ಸೇರುವುದು ದಪ್ಪ ಪುಸ್ತಕ. ಬೆಂಗಳೂರಿನ ವಿಜಯನಗರದ ಒಬ್ಬ ತಾಯಿಯ ಕಪಾಟಿನಲ್ಲೂ 'ಪರ್ವ' ಇದೆ, 'ಮಲೆಗಳಲ್ಲಿ ಮದುಮಗಳು' ಇದೆ. ಎರಡೂ ಮದುವೆಗೆ ಮುಂಚೆ ಓದಿ ಮುಗಿಸಿದವು. ಈಗಿನ ಬೆಳಗೆಂದರೆ ಪಲ್ಯಕ್ಕೆ ಒಗ್ಗರಣೆ, ಎರಡು ಡಬ್ಬಿ, ಚಿಕ್ಕವನ ಶಾಲೆಯ ಡೈರಿಗೆ ಸಹಿ, ದೊಡ್ಡವಳ ಟ್ಯೂಷನ್ನಿನ ಫೀಸು, ಆಮೇಲೆ ನೇರಳೆ ಮಾರ್ಗದ ಮೆಟ್ರೊ. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ರೈಲು ಓಡತೊಡಗಿದ್ದು ಆಕೆಗೆ ದೊಡ್ಡ ವರವಾಯಿತು. ಕಚೇರಿಗೆ ಬಸ್ಸು ಬದಲಾಯಿಸುವ ರಗಳೆ ತಪ್ಪಿತು. ಸೀಟು ಸಿಗದಿದ್ದರೂ ಬಾಗಿಲ ಪಕ್ಕ ಒರಗಿ ನಿಂತರೆ ಒಂದು ಅಧ್ಯಾಯ ಆರಾಮಾಗಿ ಆಗುತ್ತದೆ.

ನಿಂತು ಓದಲು ಸಣ್ಣ ಪುಸ್ತಕವೇ ಸರಿ. ಗಾತ್ರ ನೋಡಿಯೇ ಆಕೆ ಆರಿಸತೊಡಗಿದ್ದು. ಆದರೆ ಇತ್ತೀಚೆಗೆ ಓದಿದ ಮೂರು, ಯಾರೋ ಮಾತಾಡಿಕೊಂಡು ಕೈಗಿಟ್ಟ ಹಾಗೆ, ಒಂದೇ ಜಾಗವನ್ನು ಕೆದಕಿದವು. ಸಂಸಾರ ಸುಸೂತ್ರವಾಗಿ ಸಾಗಬೇಕಾದರೆ ದಿನಕ್ಕೆ ಎಷ್ಟೋ ಸಂಗತಿಗಳನ್ನು ನೋಡಿಯೂ ನೋಡದಂತೆ ದಾಟಿಬಿಡಬೇಕು. ಪಾತ್ರೆ ತೊಳೆಯಲು ಬರುವವಳ ತೋಳಿನ ಮೇಲಿನ ಬಾಸುಂಡೆ, ಮೇಲಿನ ಮಹಡಿಯ ರಾತ್ರಿಯ ಕೂಗಾಟ, ಊಟದ ಹೊತ್ತಿನಲ್ಲಿ ತುಟಿ ಬಿಚ್ಚದ ಮಗಳು. ಪುರುಸೊತ್ತಿಲ್ಲ ಎನ್ನುವುದು ಸುಳ್ಳೇನೂ ಅಲ್ಲ. ಆ ಮಾತಿನ ಮರೆಯಲ್ಲಿ ಏನೇನನ್ನು ಬಚ್ಚಿಡುತ್ತೇವೆ ಎಂಬುದೇ ಈ ಪುಸ್ತಕಗಳ ಕಾಳಜಿ.

ಮೊದಲು ಸಿಕ್ಕಿದ್ದು ವಿವೇಕ ಶಾನಭಾಗರ 'ಸಕೀನಾಳ ಮುತ್ತು'. 2021ರಲ್ಲಿ ಬಂದ ಕಾದಂಬರಿ. ಬೆಂಗಳೂರಿನ ಒಂದು ಮನೆಯ ಬಾಗಿಲಿಗೆ ಇಬ್ಬರು ಹುಡುಗರು ಬಂದು ಮಗಳು ರೇಖಾ ಎಲ್ಲಿ ಎಂದು ಕೇಳುತ್ತಾರೆ. ಅವಳು ಊರಿಗೆ ಹೋಗಿದ್ದಾಳೆ, ಫೋನಿಗೆ ಸಿಗುತ್ತಿಲ್ಲ. ಕತೆ ಹೇಳುವವನು ಅಪ್ಪ. ತಾನು ಉದಾರಿ, ತಿಳಿವಳಿಕಸ್ಥ ಎಂದು ನಂಬಿಕೊಂಡವನು. ಮಾತು ಮುಂದುವರಿದಂತೆ ಹೆಂಡತಿಯನ್ನೂ ಮಗಳನ್ನೂ ಅವನು ಎಷ್ಟು ಕಡಿಮೆ ಬಲ್ಲ ಎಂಬುದು ಅವನ ಬಾಯಿಂದಲೇ ಹೊರಬೀಳುತ್ತದೆ. ಎಲ್ಲ ಗಂಟುಗಳೂ ಬಿಚ್ಚಿಕೊಳ್ಳುವುದಿಲ್ಲ ಎಂದು ಕೆಲವರಿಗೆ ಅಸಮಾಧಾನ. ಆಕೆಗೆ ಅದೇ ಸರಿಯೆನಿಸಿತು. ಹರೆಯದ ಮಗಳಿರುವ ಯಾವ ಮನೆಯಲ್ಲಿ ಎಲ್ಲವೂ ಬಿಚ್ಚಿಕೊಂಡಿದೆ?

ಎರಡನೆಯದು ದೂರದ ಐರ್ಲೆಂಡಿನದು: ಕ್ಲೇರ್ ಕೀಗನ್ ಅವರ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್'. ಇದೂ 2021ರದೇ. ಮರುವರ್ಷ ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಪುಟಗಳ ಲೆಕ್ಕದಲ್ಲಿ ಆ ಪಟ್ಟಿ ಸೇರಿದವುಗಳಲ್ಲೇ ಅತಿ ಚಿಕ್ಕ ಪುಸ್ತಕ. 1985ರ ಕ್ರಿಸ್‌ಮಸ್ ಹತ್ತಿರದ ದಿನಗಳು. ನ್ಯೂ ರಾಸ್ ಎಂಬ ಊರಿನಲ್ಲಿ ಕಲ್ಲಿದ್ದಲು, ಸೌದೆ ಮಾರುವ ಬಿಲ್ ಫರ್ಲಾಂಗ್‌ಗೆ ಐದು ಹೆಣ್ಣುಮಕ್ಕಳು. ಬೆಳಗಿನಿಂದ ರಾತ್ರಿಯವರೆಗೆ ಮೂಟೆ, ಲಾರಿ, ಲೆಕ್ಕ. ಒಂದು ದಿನ ಸನ್ಯಾಸಿನಿಯರ ಮಠಕ್ಕೆ ಕಲ್ಲಿದ್ದಲು ಹಾಕಲು ಹೋದಾಗ ಇದ್ದಿಲ ಕೋಣೆಯಲ್ಲಿ ಒಂದು ಹುಡುಗಿಯನ್ನು ಕೂಡಿಹಾಕಿರುವುದು ಕಣ್ಣಿಗೆ ಬೀಳುತ್ತದೆ. ಅವಳು ಕೇಳುವುದು ತನ್ನ ಕೂಸಿನ ವಿಷಯ.

ಮದುವೆಯಾಗದೆ ಬಸಿರಾದ ಹುಡುಗಿಯರನ್ನೂ ಇನ್ನೆಷ್ಟೋ ಹೆಂಗಸರನ್ನೂ ಒಳಗೆ ಹಾಕಿ ಬಟ್ಟೆ ಒಗೆಸಿದ ಮ್ಯಾಗ್ಡಲೀನ್ ಲಾಂಡ್ರಿಗಳು ಅಲ್ಲಿ ನಿಜಕ್ಕೂ ಇದ್ದವು. ಕೊನೆಯದು ಮುಚ್ಚಿದ್ದು 1996ರಲ್ಲಿ. ಸರ್ಕಾರದ ಪರವಾಗಿ ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2013ರಲ್ಲಿ. ಊರಿಗೆ ಊರೇ ಅಲ್ಲಿ ಬಟ್ಟೆ ಕೊಟ್ಟು ಒಗೆಸಿಕೊಳ್ಳುತ್ತಿತ್ತು ಎಂಬುದನ್ನು ನೆನೆದರೆ ಇದು ಕೆಲವು ಸನ್ಯಾಸಿನಿಯರ ಕತೆಯಾಗಿ ಉಳಿಯುವುದಿಲ್ಲ.

ಮಠದ ಹಿರಿಯ ಸನ್ಯಾಸಿನಿ ಫರ್ಲಾಂಗ್‌ನನ್ನು ಕೂರಿಸಿ ಚಹಾ ಕೊಡುತ್ತಾಳೆ, ಹೆಣ್ಣುಮಕ್ಕಳ ಓದು ವಿಚಾರಿಸುತ್ತಾಳೆ, ಹೆಂಡತಿಗೆಂದು ಹಬ್ಬದ ಲಕೋಟೆಯಲ್ಲಿ ದುಡ್ಡಿಡುತ್ತಾಳೆ. ಪಕ್ಕದ ಒಳ್ಳೆಯ ಶಾಲೆಯೂ ಅದೇ ಸನ್ಯಾಸಿನಿಯರದು. ಬೆದರಿಕೆಯ ಒಂದು ಮಾತೂ ಇಲ್ಲ. ಮಕ್ಕಳ ಭವಿಷ್ಯ ನೋಡಿಕೋ ಎಂಬುದಷ್ಟೇ ಒಳಗಿನ ಅರ್ಥ. ಈ ಪುಟಗಳಲ್ಲಿ ಆಕೆ ಬಹಳ ಹೊತ್ತು ನಿಂತಳು. ಅಪ್ಪ ಅಮ್ಮಂದಿರ ಬಾಯಿ ಕಟ್ಟಲು ಮಕ್ಕಳ ಹೆಸರಿಗಿಂತ ದೊಡ್ಡ ಹಗ್ಗ ಬೇಕಿಲ್ಲ. ಸೀಟು, ಅಂಕ, ನಾಳೆಯ ಶಿಫಾರಸು. ಫರ್ಲಾಂಗ್‌ನ ಹೆಂಡತಿಯೂ ಕೆಟ್ಟವಳಲ್ಲ. ನಮಗ್ಯಾಕೆ ಊರ ಉಸಾಬರಿ ಎಂಬ ಅವಳ ಧಾಟಿ ನಮ್ಮ ಯಾವ ಅಡುಗೆಮನೆಗೂ ಹೊಸದಲ್ಲ.

ಇವೆರಡಕ್ಕಿಂತ ಆಳಕ್ಕೆ ಇಳಿದದ್ದು ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಎಂಬ ಒಂದೇ ಒಂದು ಕತೆ. 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಹೆಸರು ಬಂದದ್ದು ಈ ಕತೆಯಿಂದ. 1990ರಿಂದ 2023ರವರೆಗಿನ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಆರಿಸಿ ಇಂಗ್ಲಿಷಿಗೆ ತಂದಿದ್ದಾರೆ. ಪ್ರಶಸ್ತಿಯ ಸುದ್ದಿ ಓದಿದ ಮೇಲೆ ಆಕೆ ಹುಡುಕಿದ್ದು ಕನ್ನಡದ ಮೂಲವನ್ನು.

ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಮೆಹರುನ್ ಕೈಗೂಸಿನೊಂದಿಗೆ ತವರಿಗೆ ಬರುತ್ತಾಳೆ. ಅಲ್ಲಿ ಅವಳ ಸಂಕಟಕ್ಕಿಂತ ಮನೆತನದ ಮಾನ ದೊಡ್ಡದು. ಸೋದರರು ಅವಳನ್ನು ತಿರುಗಿ ಕರೆದೊಯ್ದು ಗಂಡನ ಮನೆಯಲ್ಲಿ ಬಿಟ್ಟುಬರುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಕೂಸು ಅತ್ತ ಸದ್ದಿಗೆ ಎಚ್ಚರಗೊಂಡ ಹಿರಿಮಗಳು ಸಲ್ಮಾ, ಕೂಸನ್ನು ಎತ್ತಿಕೊಂಡು ಓಡಿಬಂದು ನಮ್ಮನ್ನು ಬಿಟ್ಟುಹೋಗಬೇಡ ಎಂದು ಅಂಗಲಾಚುತ್ತಾಳೆ. ತವರಿನವರು, ಗಂಡ, ಅಕ್ಕಪಕ್ಕದವರು ಯಾರೂ ನೋಡದ್ದನ್ನು ನೋಡಿದವಳು ಆ ಹುಡುಗಿ.

ಬಾನು ಮುಷ್ತಾಕ್ ತಮ್ಮ ಬದುಕಿನ ಬಗ್ಗೆ ಹೇಳಿಕೊಂಡಿದ್ದಾರೆ: ಇಪ್ಪತ್ತೊಂಬತ್ತರಲ್ಲಿ ತಾಯಿಯಾದ ಬಳಿಕ ಬಾಣಂತನದ ಖಿನ್ನತೆ, ಮೈಮೇಲೆ ಪೆಟ್ರೋಲ್ ಸುರಿದುಕೊಂಡ ಒಂದು ಗಳಿಗೆ, ಕಡ್ಡಿಪೆಟ್ಟಿಗೆ ಕಿತ್ತುಕೊಂಡು ಮಗುವನ್ನು ಕಾಲ ಬಳಿ ಇಟ್ಟು ಬೇಡಿಕೊಂಡ ಗಂಡ. ಬದುಕಿನಲ್ಲಿ ಉಳಿಸಿದ ಕೈ ಗಂಡನದು. ಕತೆಗೆ ಬರುವಾಗ ಲೇಖಕಿ ಆ ಜಾಗದಲ್ಲಿ ಮಗಳನ್ನು ನಿಲ್ಲಿಸಿದರು. ವಕೀಲೆಯಾಗಿ, ಪತ್ರಕರ್ತೆಯಾಗಿ ಹಾಸನದಲ್ಲಿ ಎಷ್ಟೋ ಹೆಂಗಸರ ಕಷ್ಟ ಕೇಳಿದವರು ಅವರು. ತನಗೆ ಸಿಕ್ಕ ಆಸರೆ ಎಲ್ಲರಿಗೂ ಸಿಗುವುದಿಲ್ಲವೆಂದು ಬಲ್ಲವರು. ಆಕೆ ಈ ಬದಲಾವಣೆಯನ್ನು ಹೀಗೇ ಓದಿಕೊಂಡಳು.

ಪಿಯುಸಿ ಓದುತ್ತಿರುವ ಮಗಳು ಆ ಕತೆ ಕೇಳಿದಾಗ ಆಕೆ ಹಿಂದೆಮುಂದೆ ನೋಡಿದ್ದು ನಿಜ. ಕೊನೆಗೆ ಪಕ್ಕದಲ್ಲೇ ಕೂತು ಓದಿಸಿದಳು. ಓದಿ ಮುಗಿಸಿದ ಹುಡುಗಿ ಕಣ್ಣೀರು ಹಾಕಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು.

"ಅಮ್ಮಾ, ಆ ಮಾವಂದಿರನ್ನ ಕತೆಯಲ್ಲಿ ಯಾರೂ ಏನೂ ಕೇಳೋದೇ ಇಲ್ವಾ?"

"ಇಲ್ಲ."

"ಮತ್ತೆ ಸಲ್ಮಾ ಬೆಳಗಾದ ಮೇಲೆ ಯಾರ ಹತ್ರ ಹೋಗ್ತಾಳೆ?"

ಕುಕ್ಕರ್ ಕೂಗುತ್ತಿತ್ತು. ಆಕೆ ಎದ್ದು ಒಲೆ ಆರಿಸಿ ಬಂದು, ಪೊಲೀಸ್ ಠಾಣೆ, ಮಹಿಳಾ ಸಹಾಯವಾಣಿ, ದೂರದ ಒಬ್ಬ ಚಿಕ್ಕಮ್ಮ, ಹೀಗೆ ಸಲ್ಮಾಳಿಗೆ ಯಾರ್‍ಯಾರಿದ್ದಾರು ಎಂದು ಮಗಳ ಜೊತೆ ಕೂತು ಎಣಿಸತೊಡಗಿದಳು.