ಸವೆದ ಅಕ್ಷರ

ತಮ್ಮನ ಮಗಳು ಹುಬ್ಬಳ್ಳಿಯಲ್ಲಿ ಡಿಸೈನ್ ಕಲಿಯುತ್ತಾಳೆ. ರಜೆಗೆ ಲಕ್ಕುಂಡಿಗೆ ಬಂದವಳು, "ದೊಡ್ಡಪ್ಪಾ, ನಿಮ್ಮ ಪ್ರೆಸ್ಸಿನ ಕಟ್ಟಿಗಿ ಅಕ್ಷರ ಅಟ್ಟದ ಮ್ಯಾಲ ಅದಾವಲ್ರಿ, ಕೊಡ್ರಿ. ಅಪ್ಪನ ಬರ್ತ್‌ಡೇಕ ಗ್ರಂಜ್ ಕಾರ್ಡ್ ಮಾಡ್ತೀನಿ" ಅಂದಳು. ಹಂಗಂದ್ರೇನವಾ ಅಂದೆ. "ಹೊಲಸಾಗಿ ಕಾಣಬೇಕ್ರಿ. ಅಕ್ಷರ ಸವದಿರಬೇಕು, ಅಂಚು ಹರಿದಿರಬೇಕು. ಗಂಡಸರಿಗೆ ಹೂವು, ರಿಬ್ಬನ್ ಚಲೋ ಕಾಣೂದಿಲ್ಲ."

ತಮ್ಮನ ಹುಟ್ಟಿದ ದಿನ ಜೂನ್ 1. ನನ್ನದೂ ಅದೇ. ನಮ್ಮ ಓಣಿಯ ಎಷ್ಟೋ ಗಂಡಸರದ್ದೂ ಅದೇ. ಸಾಲಿಗೆ ಹೆಸರು ಹಚ್ಚಿದ ಮಾಸ್ತರರ ಕೃಪೆ. ಆ ತಾರೀಖಿಗೆ ಯಾರೂ ಕಾರ್ಡು ಹಾಕಿಸಿದ್ದನ್ನು ನಾನು ಕಂಡಿಲ್ಲ. ಸಂಕ್ರಮಣಕ್ಕೆ, ಬನ್ನಿ ಹಬ್ಬಕ್ಕೆ ವ್ಯಾಪಾರಸ್ಥರು ಹಾಕಿಸುತ್ತಿದ್ದರು, ಅಷ್ಟೆ.

ಹುಡುಗಿ ಹಾಳೆಯನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದಳು. ಸ್ಟೀಲ್ ಪಟ್ಟಿ ಒತ್ತಿ ಹಿಡಿದು ಅಂಚು ಹರಿದಳು. ನಾಟಕದ ವಾಲ್‌ಪೋಸ್ಟರಿಗೆಂದು ಇದ್ದ ದೊಡ್ಡ ಅಕ್ಷರಕ್ಕೆ ಒಮ್ಮೆ ಮಸಿ ಹಚ್ಚಿ ಎರಡು ಸಲ ಒತ್ತಿದಳು. ಎರಡನೆಯದು ಅರೆಬರೆ ಮೂಡಿತು. ಅವಳಿಗೆ ಬೇಕಾದದ್ದು ಅದೇ. ಅಂಥ ಹಾಳೆ ಹೊರಬಿದ್ದಿದ್ದರೆ ನಮ್ಮ ಪ್ರೆಸ್ಸಿನ ಮಾಮಾ ಮುದ್ದೆ ಮಾಡಿ ಮುಖಕ್ಕೆ ಒಗೆಯುತ್ತಿದ್ದ.

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದ್ದ ಕಾಲ. ಸಂಕೇಶ್ವರರ ಡಿಕ್ಷನರಿ, ಶಾಬಾದಿಮಠರ ಪುಸ್ತಕ ಅಲ್ಲಿಂದಲೇ ನಾಡೆಲ್ಲ ಹೋಗುತ್ತಿದ್ದವು. ನಾನಿದ್ದದ್ದು ಅಲ್ಲಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಮೊಳೆ ಜೋಡಿಸುವವ ನಾನು, ಟ್ರೆಡಲ್ ತುಳಿಯುವವ ಮಾಮಾ. ಬಲಗೈಯಿಂದ ಹಾಳೆ ಕೊಟ್ಟು ಎಡಗೈಯಿಂದ ತೆಗೆಯುವಾಗ ಅವನ ಕಣ್ಣು ಯಂತ್ರದ ಮೇಲೆ ಇರುತ್ತಲೇ ಇರಲಿಲ್ಲ, ಬಾಗಿಲಿಗೆ ಬಂದ ಗಿರಾಕಿಯ ಮೇಲೆ. ಲೊಕ್ಕಿ ಗದ್ಯಾಣ ಎಂಬ ನಾಣ್ಯ ಅಚ್ಚಾದ ಲಕ್ಕುಂಡಿಯವ ನಾನೆಂದು, ಒಂದು ಒತ್ತು ಕೆಟ್ಟರೂ "ಟಂಕಸಾಲಿ ಮಾನ ಕಳದಿ" ಎನ್ನುತ್ತಿದ್ದ.

ಬ್ಯಾಸಗಿಯಲ್ಲಿ ರೋಲರು ಕರಗುತ್ತಿದ್ದವು. ಸರೇಸು, ಬೆಲ್ಲ ಕೂಡಿಸಿ ಕಾಸಿ ಮಾಮಾ ತಾನೇ ಎರೆಯುತ್ತಿದ್ದ. ಆ ವಾಸನೆಯನ್ನು ಹೇಗೆ ಹೇಳಲಿ? ಮೊದಲು ಆಲೆಮನೆಯ ಸಿಹಿ, ಬೆನ್ನಹಿಂದೆಯೇ ಚರ್ಮ ಕುದ್ದ ಗಬ್ಬು, ಮೇಲೆ ಮೊಳೆ ತೊಳೆದ ಸೀಮೆಎಣ್ಣೆ. ರಾತ್ರಿ ಇಲಿಗಳು ರೋಲರು ಕಡಿಯುತ್ತಿದ್ದವು. ಈಗಲೂ ಮೂಗಿಗೆ ಬೇಕೆನಿಸುತ್ತದೆ. ಆದರೆ ಸೀಸದ ಮೊಳೆ ಮುಟ್ಟಿದ ಕೈಯಲ್ಲೇ ರೊಟ್ಟಿ ತಿಂದವರು ನಾವು. ಆ ಕಾಲ ಚಲೋ ಇತ್ತೆಂದು ನನ್ನ ಬಾಯಿಂದ ಬರುವುದಿಲ್ಲ.

ಗ್ರಂಜ್ ಎಂಬುದು ಸಿಯಾಟಲ್‌ನ ಹಾಡುಗಾರರ ಹೆಸರಿನೊಂದಿಗೆ 1990ರ ದಶಕದಲ್ಲಿ ಜಗತ್ತಿಗೆಲ್ಲ ಹರಡಿತಂತೆ. ಅಮೆರಿಕದಲ್ಲಿ ಡೇವಿಡ್ ಕಾರ್ಸನ್ ಎಂಬಾತ 1992ರಲ್ಲಿ ಶುರುವಾದ 'ರೇ ಗನ್' ಪತ್ರಿಕೆಯಲ್ಲಿ ಅಕ್ಷರ ಒಡೆದು, ಚೆಲ್ಲಾಡಿ ಹೆಸರಾದನಂತೆ. ಹುಡುಗಿ ಹೇಳಿದ್ದು. ಆಫ್‌ಸೆಟ್ ಬಂದು ನಮ್ಮ ಸವೆದ ಅಕ್ಷರ ತಕ್ಕಡಿ ಏರಿದ್ದೂ ಆ ದಿನಗಳಲ್ಲೇ. ಈಗ ಸವಕಲು ಅಕ್ಷರವನ್ನು ಕಂಪ್ಯೂಟರಿಗೆ ರೊಕ್ಕ ಕೊಟ್ಟು ಇಳಿಸಿಕೊಳ್ಳುತ್ತಾರೆ. ಮೈಗೆ ಮಸಿ ಹತ್ತದವರಿಗೆ ಮಸಿ ಅಲಂಕಾರ.

ಪ್ರೆಸ್ಸು ಮುಚ್ಚಿದಾಗ ನಮ್ಮ ಪಗಾರ ಬಾಕಿ ಇತ್ತು. ಮಾಲಕರು, "ರೊಕ್ಕಿಲ್ಲ, ಮೊಳಿ ಒಯ್ರಿ" ಅಂದರು. ದರ ಮಾತ್ರ ಹೊಸ ಮೊಳೆಯದು ಹಚ್ಚಿದರು. ಮಾಮಾ ಹಲ್ಲುಕಚ್ಚಿ ಕೂತ. ಒಂದೊಂದೇ ಮೊಳೆ ಎತ್ತಿ ಬೆಳಕಿಗೆ ಹಿಡಿದು, "ನೋಡ್ರಿ ಸಾವಕಾರ್ರ, ಇದರ ಒತ್ತು ಮುರದೈತಿ. ಇದರ ಕೊಂಬು ಸವದೈತಿ. ಇದು ಗುಜರಿ ಮಾಲು, ಗುಜರಿ ದರಾನ ಹಚ್ರಿ" ಎಂದ. ಒಂದು ಕೊಂಬು ಮೂಡದಿದ್ದರೆ ಇಡೀ ಫರ್ಮಾ ಬಿಚ್ಚಿಸುತ್ತಿದ್ದ ಮನುಷ್ಯ, ತನ್ನ ಅಕ್ಷರ ಕೆಲಸಕ್ಕೆ ಬಾರದವು ಎಂದು ಮಧ್ಯಾಹ್ನವೆಲ್ಲ ವಾದಿಸಿದ. ಕೊನೆಗೆ ದರ ನಡುವೆ ಎಲ್ಲೋ ನಿಂತಿತು. ಕಟ್ಟಿಗೆಯವು ತೂಕಕ್ಕೆ ಬರಲಿಲ್ಲ, ನನ್ನ ಪಾಲಿಗೆ ಬಂದವು. ಮಾಮಾ ಅದೇ ಸಂಜೆ ಚೀಲ ಹೊತ್ತು ಗುಜರಿಯವನ ಕಡೆ ಹೋಗಿ, ಬಂದ ರೊಕ್ಕದಲ್ಲಿ ಮಗಳ ಕಾಲೇಜು ಫೀ ಕಟ್ಟಿದ.