ಬ್ಯಾರೆ ಪಾತ್ರೆ, ಬ್ಯಾರೆ ಸೌಟು

ನಮ್ಮ ಹಳೇ ಲ್ಯಾಪ್‌ಟಾಪಿಗೆ ಮಗ ಡೆಬಿಯನ್ ಹಾಕಿಕೊಟ್ಟಾನ. ಅದನ್ನ 1993ರಾಗ ಇಯಾನ್ ಮರ್ಡಾಕ್ ಶುರು ಮಾಡಿದ್ದು. ಪುಗಸಟ್ಟಿ ಸಿಗತದ, ಆದರ ದೊಡ್ಡ ಮಾತು ಅದಲ್ಲ. ಒಳಗೇನದ ಅಂತ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು, ಮಂದಿಗೆ ಹಂಚಬಹುದು.

ತೊಡಕಂದ್ರ, ವೈಫೈ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಭಾಳಷ್ಟು ಸಲ ಕಂಪನಿಯವರ ಮುಚ್ಚಿದ ಡಬ್ಬಿ. ಅದಿಲ್ಲಂದ್ರ ವೈಫೈ ಇಲ್ಲ, ಪುಣೇದಾಗಿರೋ ಮಗಳ ಮಾರಿನೂ ಕಾಣಂಗಿಲ್ಲ. ಮೊದಲ ಡೆಬಿಯನ್ನಿನ ಅಧಿಕೃತ ಇನ್‌ಸ್ಟಾಲರಿನಾಗ ಅದು ಇರತಿದ್ದಿಲ್ಲ, ಬ್ಯಾರೇನ ಹುಡುಕಿ ತರಬೇಕಿತ್ತು. 2022ರಾಗ ಅದನ್ನ ಕಟ್ಟೋ ಮಂದಿ ಮತ ಹಾಕಿ, ಜೋಡಿ ಇಡೋಣು ಅಂತ ಠರಾಯಿಸಿದರು. 2023ರ 12ನೇ ಆವೃತ್ತಿಯಿಂದ ಜೋಡೀನ ಬರತದ.

ಮಗಗ ಇದು ಸೇರಂಗಿಲ್ಲ. “ಅಮ್ಮಾ, ತತ್ವಾನ ಬಿಟ್ಟರಲ್ಲ!” ಅಂತಾನ.

ನನಗ ಹಂಗ ಅನಸಂಗಿಲ್ಲ. ನಮ್ಮ ಅತ್ತಿಯವರು ಚಾತುರ್ಮಾಸದಾಗ ಉಳ್ಳಾಗಡ್ಡಿ ಮುಟ್ಟತಿದ್ದಿಲ್ಲ. ಆದರ ಹುಡುಗರಿಗೆ ಬ್ಯಾಡ ಅನ್ನಲಿಲ್ಲ. ಬ್ಯಾರೆ ಪಾತ್ರೆ, ಬ್ಯಾರೆ ಸೌಟು ಇಟ್ಟಿದ್ದರು. ಡೆಬಿಯನ್ನಿನಾಗೂ ಅದಕ್ಕ ‘ನಾನ್-ಫ್ರೀ-ಫರ್ಮ್‌ವೇರ್’ ಅಂತ ಬ್ಯಾರೆ ಕಪಾಟದ, ಹೆಸರು ಬರದದ. ಬ್ಯಾಡಂದವರು ಶುರುವಿನಾಗ ಬಂದ್ ಮಾಡಬಹುದು.

ಬೆರಸಿ ಬಡಿಸಿ ಸುಮ್ಮನಿದ್ದರ ಅದು ಮೋಸ, ಹೇಳಿ ಬಡಿಸಿದರ ಅಲ್ಲ. ಆದರ ಆ ಡಬ್ಬಿ ತಗೀರಿ ಅಂತ ಕಂಪನಿಯವರನ್ನ ಕೇಳೋದು ಬಿಡಬಾರದು. ಅಷ್ಟು ಮಾತ್ರ ಮಗ ಹೇಳೋದು ಖರೇನ ಅದ.